ಓದುಗರ ಪ್ರಶ್ನೆ: ಅಲೊಕೇಷಿಯಾ ಎಲೆ ಏಕೆ ಹಳದಿಯಾಗುತ್ತಿದೆ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಅಲೊಕೇಷಿಯಾ ಬಗ್ಗೆಯೇ ಇವೆ. ಬಾಣದ ಮೊನೆಯಂಥ ಕಡುಹಸಿರು ಎಲೆ, ಅದರ ಮೇಲೆ ಎದ್ದು ಕಾಣುವ ಬಿಳಿ ನರಗಳು. ಕಂಡವರು ಮನೆಗೆ ತಾರದೆ ಬಿಡುವುದಿಲ್ಲ. ತಂದ ಎರಡು ತಿಂಗಳಿಗೆ ದೂರು ಶುರುವಾಗುತ್ತದೆ. ಈ ಗಿಡದ ಬಗ್ಗೆ ಬರೆಯುವವರಲ್ಲಿ ಒಂದು ವಿನಂತಿ. ‘ಎಲೆ ಕೆಟ್ಟಿದೆ’ ಎಂದಷ್ಟೇ ಬರೆದರೆ ಏನೂ ಹೇಳಲಾಗದು. ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಎಲೆಯೋ, ಕಲೆ ಅಂಚಿನಲ್ಲಿದೆಯೋ ನಡುವೆಯೋ, ಎಲೆಯ ಕೆಳಮೈ ಹೇಗಿದೆ, ಮಣ್ಣು ಒಣಗಿದೆಯೋ ಒದ್ದೆಯೋ ಎಂಬ ನಾಲ್ಕು ವಿವರ ಸಿಕ್ಕರೆ ರೋಗ ಬಹುತೇಕ ಪತ್ತೆಯಾದಂತೆ.

ಪ್ರಶ್ನೆ: ನಮ್ಮ ಅಲೊಕೇಷಿಯಾ ಪೊಲಿಯಲ್ಲಿ ಒಂದು ಹೊಸ ಎಲೆ ಬಿಚ್ಚಿಕೊಂಡ ಕೂಡಲೇ ಕೆಳಗಿನ ಒಂದು ಎಲೆ ಹಳದಿಯಾಗುತ್ತದೆ. ವರ್ಷವಾದರೂ ಮೂರಕ್ಕಿಂತ ಹೆಚ್ಚು ಎಲೆ ನಿಂತಿಲ್ಲ. ಗೊಬ್ಬರ ಸಾಲದೇ?

ಉತ್ತರ: ಗೊಬ್ಬರಕ್ಕಿಂತ ಮೊದಲು ಬೆಳಕನ್ನು ಅನುಮಾನಿಸಿ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಹೊಸ ಎಲೆಗೆ ಬೇಕಾದಷ್ಟು ಬೇರಿನಿಂದ ಬಾರದಿದ್ದರೆ ಗಿಡ ಅವನ್ನು ಹಳೆಯ ಎಲೆಯಿಂದ ಎಳೆದುಕೊಳ್ಳುತ್ತದೆ. ಬೆಳಕು ಕಡಿಮೆಯಿದ್ದಾಗ ಹೆಚ್ಚು ಎಲೆಗಳನ್ನು ಸಾಕುವ ಶಕ್ತಿಯೂ ಅದಕ್ಕಿರುವುದಿಲ್ಲ. ಹಾಗಾಗಿ ಒಂದು ಬಂದರೆ ಒಂದು ಹೋಗುತ್ತದೆ.

ಬೆಳಕು ಅಳೆಯುವ ಸುಲಭ ದಾರಿ ಇದು. ಬಿಸಿಲಿರುವ ದಿನ ಮಧ್ಯಾಹ್ನ ಗಿಡವಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ 30 ಸೆಂ.ಮೀ. ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ಗೆರೆ ಕೊರೆದಂತಿದ್ದರೆ ನೇರ ಬಿಸಿಲು, ಎಲೆ ಸುಡುತ್ತದೆ. ಅಂಚು ಮಸುಕಾಗಿದ್ದೂ ಬೆರಳುಗಳನ್ನು ಎಣಿಸುವಂತಿದ್ದರೆ ಸರಿ. ನೆರಳೇ ಸರಿಯಾಗಿ ಬೀಳದಿದ್ದರೆ ಆ ಜಾಗ ಈ ಗಿಡಕ್ಕಲ್ಲ. ಪೂರ್ವದ ಕಿಟಕಿಯಿಂದ ಒಂದು ಮೀಟರಿನೊಳಗಿನ ಜಾಗ ಸಾಮಾನ್ಯವಾಗಿ ಒಗ್ಗುತ್ತದೆ; ಬೆಳಗಿನ ಎಳೆಬಿಸಿಲು ಒಂದು ಗಂಟೆ ಬಿದ್ದರೂ ಹಾನಿಯಿಲ್ಲ. ಜಾಗ ಬದಲಿಸುವಾಗ ಒಂದೇ ದಿನದಲ್ಲಿ ಕತ್ತಲೆಯಿಂದ ಬೆಳಕಿಗೆ ಎತ್ತಿಡಬೇಡಿ. ಹತ್ತು ದಿನಗಳಲ್ಲಿ ಹಂತಹಂತವಾಗಿ ಸರಿಸಿ.

ಹಳದಿಯಾಗುತ್ತಿರುವ ಎಲೆಯನ್ನು ಅಂದಗೆಡುತ್ತದೆಂದು ಅರ್ಧದಲ್ಲೇ ಕತ್ತರಿಸುವವರು ಬಹಳ. ಗಿಡ ಅದರಿಂದ ಪೋಷಕಾಂಶ ವಾಪಸು ಪಡೆಯುತ್ತಿರುವ ಹೊತ್ತು ಅದು. ಎಲೆಯೂ ತೊಟ್ಟೂ ಪೂರ್ತಿ ಹಳದಿಯಾದ ಮೇಲೆ, ಬುಡದಿಂದ ಎರಡು ಸೆಂ.ಮೀ. ಬಿಟ್ಟು ಕತ್ತರಿಸಿ. ಹೊಸ ಎಲೆ ಹುಟ್ಟುವುದು ಹಳೆಯ ತೊಟ್ಟಿನ ಬುಡದ ಒರೆಯೊಳಗಿಂದ. ತೀರಾ ಬುಡಕ್ಕೇ ಕತ್ತರಿಯಿಟ್ಟರೆ ಚಿಗುರಿಗೂ ಪೆಟ್ಟು ಬೀಳುತ್ತದೆ. ಇನ್ನೊಂದು ಮಾತು: ಪೊಲಿ ಚಿಕ್ಕ ತಳಿ. ನಾಲ್ಕೈದು ಗಟ್ಟಿ ಎಲೆ ನಿಂತರೆ ಅದು ಚೆನ್ನಾಗಿಯೇ ಇದೆ. ಹೊಸ ಎಲೆ ಹಿಂದಿನದಕ್ಕಿಂತ ಚಿಕ್ಕದಾಗುತ್ತಾ ಬಂದರೆ ಮಾತ್ರ ಯೋಚಿಸಬೇಕು.

ಪ್ರಶ್ನೆ: ಒಂದೇ ವಾರದಲ್ಲಿ ಎರಡು ಎಲೆ ಹಳದಿಯಾಗಿ ಜೋತುಬಿದ್ದಿವೆ. ಮಣ್ಣು ಒದ್ದೆಯಾಗಿಯೇ ಇದೆ, ಆದರೂ ಗಿಡ ನೀರಿಲ್ಲದೆ ಬಾಡಿದಂತೆ ಕಾಣುತ್ತದೆ. ಇನ್ನಷ್ಟು ನೀರು ಹಾಕಬೇಕೇ?

ಉತ್ತರ: ಒಂದು ಹನಿಯೂ ಬೇಡ. ಮಣ್ಣು ಒದ್ದೆ, ಗಿಡ ಬಾಡಿದೆ ಎಂದರೆ ಬೇರು ಕೊಳೆತಿದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ ನಿಂತರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ; ಸತ್ತ ಬೇರಿಗೆ ಪಿಥಿಯಂನಂಥ ಕೊಳೆರೋಗ ಹತ್ತುತ್ತದೆ. ಬೇರಿಲ್ಲದ ಗಿಡ ನೀರಿನ ನಡುವೆಯೇ ಬಾಯಾರುತ್ತದೆ.

ಇಂದೇ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಚೆನ್ನಾಗಿರುವ ಬೇರು ಬಿಳಿ ಅಥವಾ ಕೆನೆಬಣ್ಣದ್ದು, ಹಿಡಿದರೆ ಗಟ್ಟಿ. ಕೊಳೆತದ್ದು ಕಂದು, ಎರಡು ಬೆರಳಲ್ಲಿ ಹಿಡಿದು ಜಗ್ಗಿದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಕೆಟ್ಟ ವಾಸನೆಯೂ ಬರುತ್ತದೆ. ಮಣ್ಣನ್ನು ಹರಿಯುವ ನೀರಲ್ಲಿ ತೊಳೆದು, ಶೇ 70ರ ಆಲ್ಕೊಹಾಲಿನಿಂದ ಒರೆಸಿದ ಕತ್ತರಿಯಲ್ಲಿ ಕೊಳೆತದ್ದನ್ನೆಲ್ಲ ತೆಗೆಯಿರಿ. ಆಮೇಲೆ ಗಡ್ಡೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗಿರುವ ಭಾಗವನ್ನು ಒಳಗಿನ ಗಟ್ಟಿ ತಿರುಳು ಕಾಣುವವರೆಗೂ ಕೊಯ್ದು ಎಸೆಯಬೇಕು. ಇಲ್ಲಿ ಕರುಣೆ ತೋರಿಸಿದರೆ ಉಳಿದ ಚೂರಿನಿಂದಲೇ ಕೊಳೆ ಮತ್ತೆ ಹಬ್ಬುತ್ತದೆ. ಕೊಯ್ದ ಗಾಯ ನೆರಳಲ್ಲಿ ನಾಲ್ಕೈದು ಗಂಟೆ ಆರಲಿ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಅದು ಕೊಳೆತ ಬೇರನ್ನು ಬದುಕಿಸುವುದಿಲ್ಲ. ಪದೇಪದೇ ಹಾಕಿದರೆ ಇರುವ ಒಳ್ಳೆಯ ಬೇರಿಗೂ ಪೆಟ್ಟು. ಚೆನ್ನಾಗಿ ತೊಳೆದರೆ ಸಾಕು.

ಬೇರು ಕಾಲುಭಾಗಕ್ಕಿಂತ ಕಡಿಮೆ ಉಳಿದಿದ್ದರೆ ಎಲೆಯನ್ನೂ ಕಡಿಮೆ ಮಾಡಿ. ಹೊಸದಾದ ಒಂದೋ ಎರಡೋ ಎಲೆ ಇರಲಿ. ಗಿಡವನ್ನು ಮತ್ತೆ ಹಳೆಯ ದೊಡ್ಡ ಕುಂಡಕ್ಕೆ ಹಾಕಬೇಡಿ. ಉಳಿದ ಬೇರು ಹಿಡಿಸುವಷ್ಟೇ ಚಿಕ್ಕ ಕುಂಡದಲ್ಲಿ, ತೇವ ಮಾಡಿದ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ನಿಲ್ಲಿಸಿ, ನಾಲ್ಕು ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ, ಬೆಳಕಿರುವ ನೆರಳಲ್ಲಿಡಿ. 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದರೆ ಮೂರು-ನಾಲ್ಕು ವಾರದಲ್ಲಿ ಹೊಸ ಬೇರು ಬರುತ್ತದೆ. ಹೊಸ ಎಲೆ ಬರುವ ತನಕ ಗೊಬ್ಬರದ ಸುದ್ದಿ ಬೇಡ.

ಮುಂದಕ್ಕೆ ‘ವಾರಕ್ಕೆರಡು ಸಲ’ ಎಂಬ ಲೆಕ್ಕ ಬಿಡಿ. ಬೆರಳನ್ನು ಮೂರು-ನಾಲ್ಕು ಸೆಂ.ಮೀ. ಆಳಕ್ಕೆ ಇಳಿಸಿ, ಒಣಗಿದ್ದರೆ ಮಾತ್ರ ನೀರು. ಹಾಕುವಾಗ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ಅರ್ಧ ಗಂಟೆಯ ನಂತರ ತಟ್ಟೆಯ ನೀರು ಚೆಲ್ಲಿ. ನಿಮ್ಮ ಕುಂಡ ಇನ್ನೊಂದು ಅಲಂಕಾರದ ಕುಂಡದೊಳಗೆ ಕುಳಿತಿದೆಯೇ? ಹಾಗಿದ್ದರೆ ಅದರ ತಳ ನೋಡಿ. ಈ ರೋಗದ ಮೂಲ ಹೆಚ್ಚಾಗಿ ಅಲ್ಲೇ, ಕಣ್ಣಿಗೆ ಬೀಳದೆ ನಿಂತಿರುವ ಎರಡು ಬೆರಳು ನೀರಿನಲ್ಲಿ ಇರುತ್ತದೆ.

ಪ್ರಶ್ನೆ: ಮಣ್ಣಿನ ಮಿಶ್ರಣದ ಅಳತೆ ತಿಳಿಸಿ. ತಳದಲ್ಲಿ ಜಲ್ಲಿಕಲ್ಲು ಹಾಕಿದರೆ ನೀರು ಬೇಗ ಬಸಿಯುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಜಲ್ಲಿಯದು ತಪ್ಪು ತಿಳಿವಳಿಕೆ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಸಂದಿರುವ ಜಲ್ಲಿಗೆ ನೀರು ಸಲೀಸಾಗಿ ಇಳಿಯದು. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲಷ್ಟೇ ಕೆಳಗೆ ಹನಿಯುತ್ತದೆ. ಅಂದರೆ ಮೊದಲು ಕುಂಡದ ತಳದಲ್ಲಿದ್ದ ಒದ್ದೆ ಪದರ ಈಗ ಜಲ್ಲಿಯ ಮೇಲೆ, ಬೇರಿಗೆ ಇನ್ನೂ ಹತ್ತಿರಕ್ಕೆ ಬಂತು. ತೂತಿನ ಮೇಲೆ ಒಂದು ತುಂಡು ಬಲೆ ಇಟ್ಟರೆ ಸಾಕು.

ಮಿಶ್ರಣಕ್ಕೆ ಒಂದೇ ಡಬ್ಬಿಯಲ್ಲಿ ಅಳೆದು ಕೊಕೊಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ 2 ಪಾಲು, ಒಂದು ಸೆಂ.ಮೀ. ಗಾತ್ರದ ಮರದ ತೊಗಟೆ ಚೂರು 2 ಪಾಲು, ಎರೆಗೊಬ್ಬರ 1 ಪಾಲು. ತೋಟದ ಮಣ್ಣು ಬೇಡ. ಅದರ ಜಿಗುಟು ಕಣಗಳು ಕುಂಡದೊಳಗೆ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಕೊಕೊಪೀಟಿನಲ್ಲಿ ಉಪ್ಪಿನಂಶ ಇರುವುದುಂಟು. ನೆನೆಸಿ, ಹಿಂಡಿ, ನೀರು ಬದಲಿಸಿ ಮೂರು ಸಲ ತೊಳೆದೇ ಬಳಸಿ. ಪರ್ಲೈಟಿನ ಧೂಳು ಎದೆಗೆ ಒಳ್ಳೆಯದಲ್ಲ, ಚೀಲದೊಳಗೇ ನೀರು ಚಿಮುಕಿಸಿ ಆಮೇಲೆ ಸುರಿಯಿರಿ.

ಸರಿಯಾಯಿತೇ ಎಂದು ನೋಡಲು ತುಂಬಿದ ಕುಂಡಕ್ಕೆ ಒಂದು ಲೋಟ ನೀರು ಹಾಕಿ. ಮೇಲೆ ನಿಲ್ಲದೆ ತಕ್ಷಣ ಇಳಿದು, ಅರ್ಧ ನಿಮಿಷದೊಳಗೆ ಕೆಳಗೆ ಹರಿಯಬೇಕು. ಕುಂಡ ಬದಲಿಸುವಾಗ ಹಳೆಯದಕ್ಕಿಂತ ಎರಡು ಬೆರಳಷ್ಟೇ ಅಗಲವಿರಲಿ.

ಪ್ರಶ್ನೆ: ಬೆಳಿಗ್ಗೆ ಎಲೆಯ ತುದಿಯಲ್ಲಿ ನೀರಿನ ಹನಿ ತೂಗುತ್ತಿರುತ್ತದೆ. ರಾತ್ರಿ ನೀರು ಚಿಮುಕಿಸಿಲ್ಲ. ರೋಗವೇ?

ಉತ್ತರ: ಅಲ್ಲ. ರಾತ್ರಿ ಎಲೆಯ ಪತ್ರರಂಧ್ರಗಳು ಮುಚ್ಚಿರುತ್ತವೆ, ಬೇರು ಮಾತ್ರ ನೀರು ಹೀರುತ್ತಲೇ ಇರುತ್ತದೆ. ಒತ್ತಡ ಹೆಚ್ಚಾಗಿ ಎಲೆಯ ತುದಿಯ ವಿಶೇಷ ರಂಧ್ರಗಳಿಂದ ನೀರು ಹೊರಬರುತ್ತದೆ. ಕೆಸುವಿನ ಬಳಗದ ಗಿಡಗಳಲ್ಲಿ ಇದು ಸಾಮಾನ್ಯ. ಹನಿ ಒಣಗಿದ ಜಾಗದಲ್ಲಿ ಬಿಳಿ ಕಲೆ ಉಳಿದರೆ ಅದು ನೀರಿನೊಂದಿಗೆ ಬಂದ ಲವಣ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ದಿನವೂ ಹನಿ ತೊಟ್ಟಿಕ್ಕುತ್ತಿದ್ದರೆ ಮಣ್ಣು ಸ್ವಲ್ಪ ಹೆಚ್ಚೇ ಒದ್ದೆಯಿದೆ ಎಂದು ತಿಳಿದು ನೀರಿನ ನಡುವಿನ ಅಂತರ ಹೆಚ್ಚಿಸಿ.

ಪ್ರಶ್ನೆ: ಎಲೆಯ ಹೊಳಪು ಹೋಗಿ ಮೇಲೆಲ್ಲ ಸೂಜಿ ಚುಚ್ಚಿದಂತೆ ತಿಳಿಹಳದಿ ಚುಕ್ಕೆ ಬಂದಿವೆ. ಇಮಿಡಾಕ್ಲೊಪ್ರಿಡ್ ಕೀಟನಾಶಕ ಸಿಂಪಡಿಸಿದ ಮೇಲೆ ಇನ್ನೂ ಹೆಚ್ಚಾಯಿತು. ಏಕೆ?

ಉತ್ತರ: ಅದು ಮೈಟ್ ನುಸಿ. ನುಸಿ ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ್ದು. ಇಮಿಡಾಕ್ಲೊಪ್ರಿಡ್ ಅದನ್ನು ಕೊಲ್ಲುವುದಿಲ್ಲ. ಆ ಔಷಧಿಯಿಂದ ನುಸಿಯನ್ನು ತಿನ್ನುವ ಜೀವಿಗಳು ಸಾಯುವುದೂ, ನುಸಿಯ ಸಂತಾನ ಹೆಚ್ಚುವುದೂ ಉಂಟು. ನೀವು ಕಂಡದ್ದು ಅದನ್ನೇ.

ಖಚಿತಪಡಿಸಿಕೊಳ್ಳಲು ಎಲೆಯ ಕೆಳಮೈಯನ್ನು ನಡುನರದ ಉದ್ದಕ್ಕೂ ಒದ್ದೆ ಬಿಳಿ ಕಾಗದದಲ್ಲಿ ಒರೆಸಿ. ಕಂದು ಅಥವಾ ಕೆಂಪು ಗೀರು ಅಂಟಿದರೆ ನುಸಿ ಇದೆ. ತೊಟ್ಟು ಎಲೆಗೆ ಸೇರುವ ಸಂದಿಯಲ್ಲಿ ಬೆಳಕಿಗೆ ಹಿಡಿದು ನೋಡಿದರೆ ತೀರಾ ತೆಳುವಾದ ಬಲೆಯೂ ಕಾಣುತ್ತದೆ. ಚುಕ್ಕೆಯ ಬದಲು ಬೆಳ್ಳಿಯಂಥ ಪಟ್ಟೆ, ಅದರ ಮೇಲೆ ಕರಿ ಹಿಕ್ಕೆಯ ಬಿಂದುಗಳಿದ್ದರೆ ಅದು ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಅದರ ಚಿಕಿತ್ಸೆ ಬೇರೆ.

ಮೊದಲು ಈ ಗಿಡವನ್ನು ಉಳಿದವುಗಳಿಂದ ದೂರ ಇಡಿ. ಕುಂಡದ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ಎಲೆಯ ಕೆಳಮೈಗೆ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಅರ್ಧ ನುಸಿ ಇಲ್ಲೇ ಹೋಗುತ್ತದೆ. ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 1ರಿಂದ 2 ಮಿ.ಲೀ. ದ್ರವ ಸೋಪು ಕದಡಿ, ಅದಕ್ಕೆ 5 ಮಿ.ಲೀ. ಬೇವಿನ ಎಣ್ಣೆ ಸೇರಿಸಿ ಚೆನ್ನಾಗಿ ಕುಲುಕಿ, ಸಂಜೆ ಹೊತ್ತು ಎಲೆಯ ಎರಡೂ ಮೈ ತೋಯುವಂತೆ ಸಿಂಪಡಿಸಿ. ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ಕಾಯುವುದು ಒಳ್ಳೆಯದು. ಎಲೆ ಮಖಮಲ್ಲಿನಂತಿರುವ ತಳಿಗಳಿಗೆ ಎಣ್ಣೆ ಬೇಡವೇ ಬೇಡ.

ಹೆಚ್ಚಿನವರು ಸೋಲುವುದು ಇದರ ನಂತರ. ಸಿಂಪಡಣೆ ಮೊಟ್ಟೆಯನ್ನೆಲ್ಲ ಕೊಲ್ಲುವುದಿಲ್ಲ. 27-30 ಡಿಗ್ರಿಯ ಒಣ ಹವೆಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ ಸಾಕು. ಆದ್ದರಿಂದ 4-5 ದಿನಕ್ಕೊಮ್ಮೆ, ಕನಿಷ್ಠ ನಾಲ್ಕು ಸಲ ಮಾಡಲೇಬೇಕು. ಎರಡನೇ ಸಲಕ್ಕೇ ಗಿಡ ಶುಭ್ರವಾಗಿ ಕಂಡು ನಿಲ್ಲಿಸಿದರೆ ಹದಿನೈದು ದಿನದಲ್ಲಿ ಮತ್ತೆ ಮೊದಲಿನ ಸ್ಥಿತಿ. ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯೂ (ಲೀಟರಿಗೆ 2 ಗ್ರಾಂ) ನುಸಿಗೆ ಆಗುತ್ತದೆ. ಆದರೆ ಎಣ್ಣೆ ಹಾಕಿ ಎರಡು ವಾರವಾಗುವ ಮೊದಲು ಗಂಧಕ ಹಾಕಿದರೆ, ಅಥವಾ 32 ಡಿಗ್ರಿ ಮೀರಿದ ಸೆಕೆಯಲ್ಲಿ ಹಾಕಿದರೆ, ಎಲೆಯೇ ಸುಡುತ್ತದೆ. ಅದನ್ನು ಮನೆಯೊಳಗೆ ಸಿಂಪಡಿಸುವಂತೆಯೂ ಇಲ್ಲ. ಚುಕ್ಕೆ ಬಿದ್ದ ಎಲೆ ಮೊದಲಿನಂತಾಗದು. ಹೊಸ ಎಲೆ ಶುಭ್ರವಾಗಿ ಬಂತೇ ಎಂಬುದನ್ನೇ ಗುಣದ ಗುರುತೆಂದು ತಿಳಿಯಿರಿ.

ಪ್ರಶ್ನೆ: ಎಲೆಯ ಅಂಚು ಕಂದಾಗಿ ಒಣಗುತ್ತಿದೆ. ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಿದ್ದೇನೆ, ಪ್ರಯೋಜನವಿಲ್ಲ.

ಉತ್ತರ: ಚಿಮುಕಿಸಿದ ನೀರಿನಿಂದ ಗಾಳಿಯ ತೇವ ಏರುವುದು ಕೆಲವು ನಿಮಿಷ ಮಾತ್ರ. ಎಲೆ ಒದ್ದೆಯಾಗಿಯೇ ಉಳಿದರೆ ಹಳದಿ ಅಂಚಿನ ಕಪ್ಪು ಕಲೆಗಳ ಬ್ಯಾಕ್ಟೀರಿಯಾ ರೋಗಕ್ಕೆ ದಾರಿ. ನಿಲ್ಲಿಸಿಬಿಡಿ. ಈ ಗಿಡಕ್ಕೆ ಶೇ 60ರಷ್ಟು ತೇವಾಂಶ ಹಿತ. ನಾಲ್ಕಾರು ಗಿಡ ಒಟ್ಟಿಗಿಡುವುದು ಸ್ವಲ್ಪ ನೆರವಾಗುತ್ತದೆ, ಹ್ಯೂಮಿಡಿಫೈಯರ್ ಹೆಚ್ಚು. ಏಸಿಯ ಅಥವಾ ಹೀಟರಿನ ಗಾಳಿ ನೇರ ಬೀಸುವ ಜಾಗದಲ್ಲಿ ಯಾವುದೂ ನಡೆಯದು.

ಅಂಚು ಒಣಗಲು ಇನ್ನೊಂದು ಕಾರಣ ಕುಂಡದಲ್ಲಿ ಕೂಡಿದ ಲವಣ. ಮಣ್ಣಿನ ಮೇಲೋ ಕುಂಡದ ಅಂಚಿಗೋ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಕುಂಡದ ಗಾತ್ರದ ಮೂರು ಪಟ್ಟು ಸಾದಾ ನೀರನ್ನು ನಿಧಾನವಾಗಿ ಸುರಿದು ತೊಳೆದುಬಿಡಿ. ಎರಡು ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಸಾಕು.

ಪ್ರಶ್ನೆ: ಯಾವ ಗೊಬ್ಬರ, ಎಷ್ಟು?

ಉತ್ತರ: ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಹೊಸ ಎಲೆ ಬರುತ್ತಿರುವ ಕಾಲದಲ್ಲಿ ಮಾತ್ರ. ಒಣಗಿದ ಮಣ್ಣಿಗೆ ಹಾಕಬಾರದು, ಮೊದಲು ಸಾದಾ ನೀರು. ಈ ಗೊಬ್ಬರದಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುವುದಿಲ್ಲವೆಂಬುದು ನೆನಪಿರಲಿ. ಹಳೆಯ ಎಲೆಯಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ತಿಂಗಳಿಗೊಮ್ಮೆ ಮೆಗ್ನೀಷಿಯಂ ಸಲ್ಫೇಟ್ ಲೀಟರಿಗೆ 1 ಗ್ರಾಂ ಕೊಡಿ. ಹೊಸ ಎಲೆ ಸೊಟ್ಟಗಾಗಿ ಬಂದರೆ ಕ್ಯಾಲ್ಸಿಯಂ ಕೊರತೆಯೂ ಇರಬಹುದು, ಎಲೆ ಬಿಚ್ಚುವಾಗ ಬೇರು ಒಣಗಿದ್ದೂ ಇರಬಹುದು, ಥ್ರಿಪ್ಸ್ ಕೂಡ ಇರಬಹುದು. ಕ್ಯಾಲ್ಸಿಯಂ ನೈಟ್ರೇಟ್ ಕೊಡುವುದಾದರೆ ಲೀಟರಿಗೆ ಅರ್ಧ ಗ್ರಾಂ, ಪ್ರತ್ಯೇಕ ದಿನ. ಇದನ್ನೂ ಮೆಗ್ನೀಷಿಯಂ ಸಲ್ಫೇಟನ್ನೂ ಗಟ್ಟಿಯಾಗಿ ಒಂದೇ ಪಾತ್ರೆಯಲ್ಲಿ ಕದಡಿದರೆ ಜಿಪ್ಸಂ ಆಗಿ ತಳದಲ್ಲಿ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಎಲೆಗಳೆಲ್ಲ ಬಿದ್ದು ಬರೀ ಕುಂಡ ಉಳಿದಿದೆ. ಎಸೆಯಲೇ?

ಉತ್ತರ: ಗಡ್ಡೆ ಒತ್ತಿ ನೋಡದೆ ಎಸೆಯಬೇಡಿ. ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿದು ಹಗಲು ಚಿಕ್ಕದಾದಾಗ ಅಲೊಕೇಷಿಯಾ ಎಲೆ ಕಳಚಿ ಗಡ್ಡೆಯಾಗಿ ಮಲಗುವುದುಂಟು. ಪೊಲಿಯ ಪೂರ್ಣ ಹೆಸರಲ್ಲಿ ಅಮೆಜಾನಿಕಾ ಎಂದಿದ್ದರೂ ಅದರ ಮೂಲ ಗಿಡಗಳು ಆಗ್ನೇಯ ಏಷ್ಯಾದ ಬೆಚ್ಚಗಿನ ಕಾಡುಗಳವು; ಚಳಿ ಅವಕ್ಕೆ ಗೊತ್ತಿಲ್ಲ. ಗಡ್ಡೆ ಗಟ್ಟಿಯಿದ್ದರೆ ಬೆಚ್ಚಗಿನ ಜಾಗದಲ್ಲಿಟ್ಟು, ಮಣ್ಣು ಧೂಳಾಗದಷ್ಟು ಮಾತ್ರ, ಮೂರು ವಾರಕ್ಕೊಮ್ಮೆ ಒಂದಿಷ್ಟು ನೀರು ಕೊಡಿ. ರಾತ್ರಿಯ ಉಷ್ಣತೆ 20 ಡಿಗ್ರಿಗೆ ಬಂದ ಮೇಲೆ ಚಿಗುರುತ್ತದೆ. ಎಲೆಯಿಲ್ಲದ ಗಡ್ಡೆಗೆ ಎಂದಿನಂತೆ ನೀರು ಹಾಕಿ ಕೊಳೆಸುವುದೇ ಹೆಚ್ಚು.

ಪ್ರಶ್ನೆ: ಒಂದು ಎಲೆಯನ್ನು ತೊಟ್ಟು ಸಮೇತ ಕತ್ತರಿಸಿ ನೀರಲ್ಲಿಟ್ಟಿದ್ದೇನೆ. ತಿಂಗಳಾಯಿತು, ಬೇರು ಬಂದಿಲ್ಲ.

ಉತ್ತರ: ಬರುವುದೂ ಇಲ್ಲ. ಈ ಗಿಡದ ಚಿಗುರುವ ಮೊಗ್ಗು ಇರುವುದು ಗಡ್ಡೆಯಲ್ಲಿ, ತೊಟ್ಟಿನಲ್ಲಲ್ಲ. ಮುಂದಿನ ಸಲ ಕುಂಡ ಬದಲಿಸುವಾಗ ಬೇರುಗಳ ನಡುವೆ ಹುಡುಕಿ. ಕಡಲೆಕಾಳಿನಿಂದ ಹಿಡಿದು ಗೋಲಿಯಷ್ಟು ಗಾತ್ರದ, ಕಂದು ಸಿಪ್ಪೆಯ ಮರಿಗಡ್ಡೆಗಳು ಸಿಗುತ್ತವೆ. ಬೇರಿನ ಎಳೆಯಿಂದ ಬಿಡಿಸಿ, ಉಗುರಿನಿಂದ ಕಂದು ಸಿಪ್ಪೆಯನ್ನು ಸುಲಿಯಿರಿ. ಒಳಗೆ ಕೆನೆಬಣ್ಣದ ಗಟ್ಟಿ ಗಡ್ಡೆ, ಅದರ ಒಂದು ತುದಿಯಲ್ಲಿ ಚೂಪು ಮೊಗ್ಗು. ಮೊಗ್ಗು ಮೇಲೆ ಬರುವಂತೆ, ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ಅರ್ಧ ಹುದುಗಿಸಿ, ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ 25-28 ಡಿಗ್ರಿಯಲ್ಲಿಡಿ. ಎರಡು ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸಿ. ಚಿಗುರಲು ಮೂರು ವಾರವೂ ಆಗಬಹುದು, ಎರಡು ತಿಂಗಳೂ ಹಿಡಿಯಬಹುದು. ಮೆತ್ತಗಾದದ್ದನ್ನು ಮಾತ್ರ ತೆಗೆದುಹಾಕಿ. ಎರಡು ಎಲೆ, ಐದು ಸೆಂ.ಮೀ. ಬೇರು ಬಂದ ಮೇಲೆ ಚಿಕ್ಕ ಕುಂಡಕ್ಕೆ ಸಾಗಿಸಿ, ಡಬ್ಬಿಯ ತೇವದಿಂದ ಹೊರಗಿನ ಗಾಳಿಗೆ ಒಂದು ವಾರದಲ್ಲಿ ನಿಧಾನವಾಗಿ ಒಗ್ಗಿಸಿ.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮಗು, ಬೆಕ್ಕು ಎರಡೂ ಇವೆ. ಈ ಗಿಡ ಇಡಬಹುದೇ?

ಉತ್ತರ: ಇಬ್ಬರಿಗೂ ಎಟುಕದ ಜಾಗ ಇದ್ದರೆ ಮಾತ್ರ. ಬೆಕ್ಕಿಗೆ ಎಟುಕದ ಜಾಗ ಮನೆಗಳಲ್ಲಿ ಅಪರೂಪ, ಅದನ್ನು ಯೋಚಿಸಿಯೇ ತನ್ನಿ. ಗಿಡದ ಎಲ್ಲ ಭಾಗದಲ್ಲೂ ಸೂಜಿಯಾಕಾರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಹಸಿ ಕೆಸು ತುರಿಸುವುದೂ ಇದರಿಂದಲೇ. ಅಗಿದರೆ ಬಾಯಿ, ನಾಲಗೆ ಉರಿದು ಊದಿಕೊಳ್ಳುತ್ತವೆ. ಹಾಗಾದರೆ ಬಾಯಲ್ಲಿರುವುದನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣನೆಯ ನೀರು ಅಥವಾ ಹಾಲು ಕುಡಿಸಿ. ವಾಂತಿ ಮಾಡಿಸಬೇಡಿ. ವೈದ್ಯರಿಗೆ ತಿಳಿಸಿ, ನುಂಗಲು, ಉಸಿರಾಡಲು ಕಷ್ಟವಾದರೆ, ಗಂಟಲು ಊದಿದರೆ, ತಡಮಾಡದೆ ಆಸ್ಪತ್ರೆಗೆ. ಗಡ್ಡೆ, ತೊಟ್ಟು ಕತ್ತರಿಸುವಾಗ ದೊಡ್ಡವರೂ ಕೈಗವಸು ಹಾಕಿಕೊಳ್ಳಬೇಕು; ಆ ಕೈಯಲ್ಲಿ ಕಣ್ಣು ಉಜ್ಜಬಾರದು.

ಪ್ರಶ್ನೆ: ಹೂ ಬಂದಿದೆ, ಬಿಡಬೇಕೋ ಕತ್ತರಿಸಬೇಕೋ?

ಉತ್ತರ: ಎಲೆಗಾಗಿ ಸಾಕಿದ ಗಿಡ. ನೋಡುವ ಆಸೆಯಿದ್ದರೆ ಒಂದು ಸಲ ಅರಳಲಿ. ಇಲ್ಲವಾದರೆ ಮೊಗ್ಗಿನಲ್ಲೇ ಕತ್ತರಿಸಿ, ಆ ಶಕ್ತಿ ಮುಂದಿನ ಎಲೆಗೆ ಹೋಗುತ್ತದೆ. ಈಚೆಗಷ್ಟೇ ಕುಂಡ ಬದಲಿಸಿದ, ನುಸಿಯಿಂದ ಚೇತರಿಸಿಕೊಳ್ಳುತ್ತಿರುವ ಗಿಡವಾದರೆ ಕತ್ತರಿಸಲೇಬೇಕು.